ಐರ್ಲೆಂಡಿನಿಂದ ಬಂದ ಮರಿಗಳು: ಕುದುರೆಯ ಜಂತುಹುಳು ನಿಯಂತ್ರಣದ ಒಂದು ಪ್ರಕರಣ ಅಧ್ಯಯನ

2019ರಲ್ಲಿ ಐರ್ಲೆಂಡಿನಿಂದ ಅಮೆರಿಕದ ಒಂದು ಥರೋಬ್ರೆಡ್ (ಪಂದ್ಯದ ಕುದುರೆ ತಳಿ) ಫಾರ್ಮಿಗೆ ವರ್ಷ ವಯಸ್ಸಿನ ಮರಿಕುದುರೆಗಳ ಗುಂಪೊಂದು ಬಂದಿಳಿಯಿತು. ಅವುಗಳಿಗೆ ಜಂತುಹುಳುವಿಗೆಂದು ಐವರ್‌ಮೆಕ್ಟಿನ್ ಕೊಡಲಾಯಿತು. ಔಷಧಕ್ಕೆ ಮೊದಲೊಮ್ಮೆ, ಔಷಧದ ಬಳಿಕ ಇನ್ನೊಮ್ಮೆ ಲದ್ದಿಯಲ್ಲಿದ್ದ ಹುಳುವಿನ ಮೊಟ್ಟೆಗಳನ್ನು ಎಣಿಸಿ ನೋಡಿದಾಗ, ಎಣಿಕೆ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಅದೇ ವರ್ಗದ, ಅದಕ್ಕಿಂತ ಬಲವುಳ್ಳದ್ದೆಂದು ಹೆಸರಾದ ಮಾಕ್ಸಿಡೆಕ್ಟಿನ್ ಕೂಡ ನಿರೀಕ್ಷಿತ ಫಲ ಕೊಡಲಿಲ್ಲ. ಆದರೆ ಅದೇ ಫಾರ್ಮಿನಲ್ಲಿದ್ದ ಅಮೆರಿಕದಲ್ಲೇ ಹುಟ್ಟಿದ ಕುದುರೆಗಳಲ್ಲಿ ಈ ವರ್ಗದ ಔಷಧ ಮೊದಲಿನಂತೆಯೇ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಎಂದರೆ ಔಷಧದ ಗುಣಮಟ್ಟದಲ್ಲಾಗಲಿ ಕೊಟ್ಟ ವಿಧಾನದಲ್ಲಾಗಲಿ ದೋಷವಿರಲಿಲ್ಲ. ಔಷಧಕ್ಕೆ ಜಗ್ಗದ, ಸಣ್ಣ ಸ್ಟ್ರಾಂಗೈಲು ಎಂಬ ಹುಳುಗಳು ಮರಿಗಳ ಕರುಳಿನಲ್ಲಿ ಕುಳಿತು ಸಮುದ್ರ ದಾಟಿ ಬಂದಿದ್ದವು. ಕೆಂಟಕಿ ವಿಶ್ವವಿದ್ಯಾಲಯದ ಮಾರ್ಟಿನ್ ನೀಲ್ಸನ್ ಮತ್ತು ಸಂಗಡಿಗರು 2020ರಲ್ಲಿ ಈ ಪ್ರಕರಣವನ್ನು ಪ್ರಕಟಿಸಿದರು.

ಕುದುರೆ ಸಾಕುವವರ ನಡುವೆ "ಜಂತಿನ ಔಷಧ ಹಾಕಿಸಿದ್ದೇವೆ" ಎಂಬ ಮಾತು ಕೇಳಿಬಂದಾಗಲೆಲ್ಲ ನನಗೆ ಈ ಪ್ರಕರಣ ನೆನಪಾಗುತ್ತದೆ. ಔಷಧ ಕೊಟ್ಟದ್ದು ಒಂದು ಸಂಗತಿ, ಹುಳು ಸತ್ತದ್ದು ಇನ್ನೊಂದು ಸಂಗತಿ. ಎರಡರ ನಡುವಿನ ಅಂತರವನ್ನು ಅಳೆಯುವ ಪರೀಕ್ಷೆಯನ್ನು ಆ ಫಾರ್ಮಿನಲ್ಲಿ ಮಾಡದೆ ಹೋಗಿದ್ದರೆ, ಮರಿಗಳು ಮೈದುಂಬಿ ಹೊಳೆಯುತ್ತಲೇ ಇದ್ದು, ಮೊಟ್ಟೆಗಳು ಹುಲ್ಲುಗಾವಲಿನ ತುಂಬ ಹರಡುತ್ತಿದ್ದವು. ಇಂಥ ಹುಳು ಎಲ್ಲಿಂದ ಹುಟ್ಟಿಬಂತು ಎಂದು ತಿಳಿಯಬೇಕಾದರೆ ಅರ್ಧ ಶತಮಾನಕ್ಕೂ ಹಿಂದೆ, ಕೆಂಟಕಿಯ ಲೆಕ್ಸಿಂಗ್ಟನ್ ಸುತ್ತಲಿನ ಕುದುರೆ ಫಾರ್ಮುಗಳಿಗೆ ಹೋಗಬೇಕು.

ಮೊದಲ ಶತ್ರು ಮತ್ತು 1966ರ ಪದ್ಧತಿ

ಆ ಕಾಲದಲ್ಲಿ ಕುದುರೆಯ ಪ್ರಾಣಕ್ಕೆ ಎರವಾಗುತ್ತಿದ್ದ ಹುಳು ಸ್ಟ್ರಾಂಗೈಲಸ್ ವಲ್ಗ್ಯಾರಿಸ್. ಇದನ್ನು ರಕ್ತಹುಳು ಎಂದೂ ಕರೆಯುತ್ತಾರೆ. ಬೆಳೆದ ಹುಳು ಒಂದೂವರೆಯಿಂದ ಎರಡೂವರೆ ಸೆಂಟಿಮೀಟರ್ ಉದ್ದವಿದ್ದು, ದೊಡ್ಡ ಕರುಳಿನಲ್ಲಿ ವಾಸಿಸುತ್ತದೆ. ನಿಜವಾದ ಹಾನಿ ಮಾಡುವುದು ಅದರ ಮರಿ. ಕುದುರೆ ಮೇಯುವಾಗ ಹುಲ್ಲಿನ ಜೊತೆ ಹೊಟ್ಟೆ ಸೇರಿದ ಮರಿಹುಳು ಕರುಳಿನ ಗೋಡೆಯನ್ನು ಕೊರೆದು ಒಳಹೊಕ್ಕು, ಪೊರೆ ಕಳಚಿ, ಅಪಧಮನಿಗಳ ಒಳಗೋಡೆಯ ಗುಂಟ ಸಾಗಿ, ಕರುಳಿಗೆ ರಕ್ತವನ್ನು ಒಯ್ಯುವ ಮುಖ್ಯ ಅಪಧಮನಿಯ ಬುಡವನ್ನು ತಲುಪುತ್ತದೆ. ಅಲ್ಲಿ ತಿಂಗಳುಗಟ್ಟಲೆ ನೆಲೆಸಿದಾಗ ಅಪಧಮನಿಯ ಗೋಡೆ ಊದಿ ದಪ್ಪವಾಗುತ್ತದೆ, ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಕಳಚಿ ಕಿರಿಯ ರಕ್ತನಾಳವೊಂದನ್ನು ಮುಚ್ಚಿದರೆ, ಅದು ಪೋಷಿಸುತ್ತಿದ್ದ ಕರುಳಿನ ಭಾಗ ರಕ್ತವಿಲ್ಲದೆ ಸಾಯುತ್ತದೆ. ಕುದುರೆ ನೆಲಕ್ಕುರುಳಿ ಒದ್ದಾಡುವ, ಔಷಧಕ್ಕೆ ಬಗ್ಗದ ಉದರಶೂಲೆಗೆ ಆ ದಿನಗಳಲ್ಲಿ ಇದೊಂದು ದೊಡ್ಡ ಕಾರಣವಾಗಿತ್ತು. ಮರಿಹುಳು ಈ ಪಯಣ ಮುಗಿಸಿ ಕರುಳಿಗೆ ಮರಳಿ, ಬೆಳೆದು, ಮೊಟ್ಟೆಯಿಡಲು ಆರರಿಂದ ಏಳು ತಿಂಗಳು ಬೇಕು.

ಕೆಂಟಕಿ ವಿಶ್ವವಿದ್ಯಾಲಯದ ಡ್ರಜ್ ಮತ್ತು ಲಯನ್ಸ್ ಎಂಬ ಇಬ್ಬರು ಪರೋಪಜೀವಿ ತಜ್ಞರು 1966ರಲ್ಲಿ ಸೂಚಿಸಿದ ಪದ್ಧತಿ ಈ ಅವಧಿಯ ಲೆಕ್ಕದ ಮೇಲೆಯೇ ನಿಂತಿತ್ತು. ಆಗಿನ ಔಷಧಗಳು ರಕ್ತನಾಳದಲ್ಲಿದ್ದ ಮರಿಯನ್ನು ಮುಟ್ಟುತ್ತಿರಲಿಲ್ಲ. ಕರುಳಿನಲ್ಲಿದ್ದ ಬೆಳೆದ ಹುಳುವನ್ನು ಮಾತ್ರ ಕೊಲ್ಲುತ್ತಿದ್ದವು. ಆದ್ದರಿಂದ ಫಾರ್ಮಿನ ಎಲ್ಲ ಕುದುರೆಗಳಿಗೂ 6ರಿಂದ 8 ವಾರಕ್ಕೊಮ್ಮೆ ತಪ್ಪದೆ ಔಷಧ ಕೊಟ್ಟರೆ, ರಕ್ತನಾಳದಿಂದ ಮರಳಿ ಬಂದ ಹುಳು ಹೆಚ್ಚು ಮೊಟ್ಟೆಯಿಡುವ ಮುನ್ನವೇ ಸಾಯುತ್ತದೆ, ಹುಲ್ಲುಗಾವಲು ವರ್ಷದಿಂದ ವರ್ಷಕ್ಕೆ ಶುದ್ಧವಾಗುತ್ತದೆ ಎಂಬುದು ಅವರ ಯೋಚನೆ. ಯೋಚನೆ ಫಲಿಸಿತು. ಈ ಪದ್ಧತಿಯನ್ನು ನಿಷ್ಠೆಯಿಂದ ಅನುಸರಿಸಿದ ಫಾರ್ಮುಗಳಲ್ಲಿ ರಕ್ತಹುಳು ಹೇಳಹೆಸರಿಲ್ಲದಂತಾಯಿತು. 1980ರ ದಶಕದ ಆರಂಭದಲ್ಲಿ ಬಂದ ಐವರ್‌ಮೆಕ್ಟಿನ್ ರಕ್ತನಾಳದಲ್ಲಿನ ಮರಿಗಳನ್ನೂ ಕೊಲ್ಲಬಲ್ಲದ್ದಾಗಿದ್ದು, ಅಳಿದುಳಿದವನ್ನೂ ಅಳಿಸಿತು. ಇಂದು ನಾವು ಆ ಪದ್ಧತಿಯ ದುಷ್ಫಲಗಳ ಬಗ್ಗೆ ಮಾತನಾಡುವಾಗ ಈ ಗೆಲುವನ್ನು ಮರೆಯುವುದು ನ್ಯಾಯವಲ್ಲ. ಅದು ಉಳಿಸಿದ ಕುದುರೆಗಳು ಬಹಳ.

ತೊಡಕು ಹುಟ್ಟಿದ್ದು ಆಮೇಲೆ. ಯಾವ ಹುಳುವನ್ನು ಕಂಡು ಆ ಲೆಕ್ಕ ಹಾಕಲಾಗಿತ್ತೋ ಆ ಹುಳು ಹೋದ ಮೇಲೂ ಲೆಕ್ಕ ಉಳಿಯಿತು. ಎರಡು ತಿಂಗಳಿಗೊಮ್ಮೆ ಎಲ್ಲಕ್ಕೂ ಔಷಧ ಎಂಬುದು ಕ್ಯಾಲೆಂಡರಿನ ಒಂದು ಆಚರಣೆಯಾಗಿ ಪ್ರಪಂಚದಾದ್ಯಂತ ಹರಡಿತು. ಕುದುರೆಯ ಹೊಟ್ಟೆಯಲ್ಲಿ ಯಾವ ಹುಳು ಎಷ್ಟಿದೆ ಎಂದು ಕೇಳುವ ಅಭ್ಯಾಸವೇ ಅನೇಕ ಕಡೆ ತಪ್ಪಿಹೋಯಿತು.

ತೆರವಾದ ಜಾಗಕ್ಕೆ ಬಂದವು

ರಕ್ತಹುಳುವಿನ ಸ್ಥಾನಕ್ಕೆ ಬಂದದ್ದು ಸಣ್ಣ ಸ್ಟ್ರಾಂಗೈಲುಗಳು. ಇವು ಒಂದೇ ಜಾತಿಯವಲ್ಲ. ಕುದುರೆ, ಕತ್ತೆ, ಜೀಬ್ರಾಗಳಲ್ಲಿ ಇವುಗಳ ಸುಮಾರು 50 ಜಾತಿಗಳನ್ನು ಗುರುತಿಸಲಾಗಿದೆ. ಮೇಯುವ ಕುದುರೆಗಳಲ್ಲಿ ಇವು ಇಲ್ಲದಿರುವುದು ಅಪರೂಪ, ಮತ್ತು ಬಹುಪಾಲು ಕುದುರೆಗಳು ಇವುಗಳನ್ನು ಹೊತ್ತುಕೊಂಡೇ ಆರೋಗ್ಯದಿಂದ ಬಾಳುತ್ತವೆ. ಇವುಗಳ ಮರಿ ರಕ್ತನಾಳಕ್ಕೆ ಹೋಗುವುದಿಲ್ಲ. ದೊಡ್ಡ ಕರುಳಿನ ಗೋಡೆಯೊಳಗೆ ಸಣ್ಣ ಕೋಶ ಕಟ್ಟಿಕೊಂಡು ಮಲಗುತ್ತದೆ. ಕೆಲವು ವಾರಗಳಲ್ಲಿ ಎದ್ದು ಬರಬಹುದು, ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ಇರಲೂಬಹುದು. ಹೀಗೆ ಮಲಗಿದ ಮರಿಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಒಮ್ಮೆಲೆ ಎಚ್ಚೆತ್ತು ಹೊರಬಂದರೆ ಕರುಳಿನ ಒಳಪದರವೇ ಕಿತ್ತುಬಂದಂತಾಗಿ, ಕುದುರೆಗೆ ತೀವ್ರ ಭೇದಿ ಹತ್ತುತ್ತದೆ, ಮೈ ಇಳಿಯುತ್ತದೆ, ಹೊಟ್ಟೆಯ ಕೆಳಭಾಗದಲ್ಲಿ ನೀರು ತುಂಬಿದ ಬಾವು ಕಾಣಿಸುತ್ತದೆ. ಚಿಕಿತ್ಸೆ ದೊರೆತರೂ ಇಂಥ ಕುದುರೆಗಳಲ್ಲಿ ಅರ್ಧದಷ್ಟು ಸಾಯುವುದುಂಟು. ರೋಗಕ್ಕೆ ತುತ್ತಾಗುವವು ಹೆಚ್ಚಾಗಿ ಎಳೆಯ ಕುದುರೆಗಳೇ.

ಈ ಹುಳುಗಳ ಆಯಸ್ಸು ಮತ್ತು ಸಂಖ್ಯೆ ಎರಡೂ ಔಷಧಕ್ಕೆ ಎದುರು ನಿಲ್ಲಲು ಅನುಕೂಲಕರವಾಗಿವೆ. ಸಂತತಿ ಬೇಗ ಬೇಗ ಬದಲಾಗುತ್ತದೆ. ಕೋಟ್ಯಂತರ ಹುಳುಗಳಲ್ಲಿ ಔಷಧವನ್ನು ತಾಳಿಕೊಳ್ಳುವ ಗುಣವುಳ್ಳ ಕೆಲವು ಮೊದಲಿನಿಂದಲೇ ಇರುತ್ತವೆ. ಎಲ್ಲ ಕುದುರೆಗೂ ಒಂದೇ ದಿನ ಔಷಧ ಕೊಟ್ಟಾಗ ಉಳಿದವೆಲ್ಲ ಸತ್ತು, ಆ ಕೆಲವು ಮಾತ್ರ ಮೊಟ್ಟೆಯಿಡುತ್ತವೆ. ಮುಂದಿನ ಪೀಳಿಗೆಯಲ್ಲಿ ಅವುಗಳ ಪಾಲು ಹೆಚ್ಚುತ್ತದೆ. ಹುಲ್ಲಿನ ಮೇಲೆ, ಔಷಧ ಕೊಡದ ಕುದುರೆಗಳಲ್ಲಿ, ಕರುಳಿನ ಗೋಡೆಯೊಳಗೆ ಔಷಧಕ್ಕೆ ಸಿಗದೆ ಉಳಿದ ಹುಳುಗಳು ಈ ಪಾಲನ್ನು ಮತ್ತೆ ತಗ್ಗಿಸಬಲ್ಲವು. ಆದರೆ ಎರಡು ತಿಂಗಳಿಗೊಮ್ಮೆ ಎಲ್ಲಕ್ಕೂ ಔಷಧ ಕೊಡುವ ಪದ್ಧತಿಯಲ್ಲಿ ಅಂಥ ಆಶ್ರಯಕ್ಕೆ ಜಾಗ ಬಹಳ ಕಡಿಮೆ.

ಔಷಧಗಳು ಒಂದರ ಹಿಂದೊಂದು ಸೋತ ಕ್ರಮ ಕೆಂಟಕಿಯಲ್ಲಿ ಸಾಕಷ್ಟು ಸ್ಪಷ್ಟವಾಗಿ ದಾಖಲಾಗಿದೆ. 1940ರ ದಶಕದಲ್ಲಿ ಬಳಕೆಗೆ ಬಂದ ಫಿನೋಥಯಝೀನಿಗೆ 1950ರ ದಶಕ ಮುಗಿಯುವ ವೇಳೆಗೆ ಎದುರಾಳಿಗಳು ಕಂಡವು. 1960ರ ದಶಕದ ಆರಂಭದಲ್ಲಿ ಬಂದ ಥಯಾಬೆಂಡಝೋಲನ್ನು ತಾಳಿಕೊಳ್ಳುವ ಸಣ್ಣ ಸ್ಟ್ರಾಂಗೈಲುಗಳು ಕೆಲವೇ ವರ್ಷಗಳಲ್ಲಿ ಕಾಣಿಸಿಕೊಂಡವು, ಎಂದರೆ 1966ರ ಪದ್ಧತಿ ಪ್ರಕಟವಾಗುವ ಹೊತ್ತಿಗೇ ಎಚ್ಚರಿಕೆಯ ಗಂಟೆ ಬಾರಿಸಿತ್ತು. ಅದೇ ಬೆಂಝಿಮಿಡಝೋಲ್ ವರ್ಗದ ಫೆನ್‌ಬೆಂಡಝೋಲ್, ನಂತರ ಪೈರಾಂಟೆಲ್, ಇವುಗಳ ಕಥೆಯೂ ಹೆಚ್ಚುಕಡಿಮೆ ಅದೇ. ಔಷಧವನ್ನು ನಿಲ್ಲಿಸಿದರೆ ಹುಳುಗಳು ಮೊದಲಿನ ಸ್ವಭಾವಕ್ಕೆ ಮರಳಬಹುದೆಂಬ ಆಸೆಯೂ ನಿಜವಾಗಲಿಲ್ಲ; ಒಮ್ಮೆ ಬೇರೂರಿದ ಬೆಂಝಿಮಿಡಝೋಲ್ ನಿರೋಧಕತೆ ಬಳಕೆ ನಿಂತು ವರ್ಷಗಳಾದರೂ ಉಳಿದುಕೊಳ್ಳುತ್ತದೆ.

ಐವರ್‌ಮೆಕ್ಟಿನ್ ಬಂದಾಗ ಇದು ಬೇರೆಯೇ ಮಾತು ಎನಿಸಿತ್ತು. ಕುದುರೆಯ ಮೈತೂಕದ ಪ್ರತಿ ಕಿಲೋಗೆ ಕೇವಲ 0.2 ಮಿಲಿಗ್ರಾಂ ಸಾಕು. ಒಮ್ಮೆ ಕೊಟ್ಟರೆ ಎಂಟು ಹತ್ತು ವಾರಗಳವರೆಗೆ ಲದ್ದಿಯಲ್ಲಿ ಮೊಟ್ಟೆ ಕಾಣಿಸುತ್ತಿರಲಿಲ್ಲ. ಈ ಅವಧಿಯೇ ಮೊದಲ ಸೂಚನೆ ಕೊಟ್ಟಿತು. ಕಳೆದ ದಶಕಗಳಲ್ಲಿ ಕೆಂಟಕಿಯ ಕೆಲವು ಥರೋಬ್ರೆಡ್ ಫಾರ್ಮುಗಳಲ್ಲಿ ಐವರ್‌ಮೆಕ್ಟಿನ್ ಕೊಟ್ಟ ನಾಲ್ಕೈದು ವಾರಗಳಲ್ಲೇ ಮೊಟ್ಟೆಗಳು ಮರಳಿ ಕಾಣಿಸತೊಡಗಿದ್ದನ್ನು ಲಯನ್ಸ್ ಮತ್ತು ಸಂಗಡಿಗರು ದಾಖಲಿಸಿದರು. ಹದಿನಾಲ್ಕನೆಯ ದಿನದ ಪರೀಕ್ಷೆಯಲ್ಲಿ ಔಷಧ ಗೆದ್ದಂತೆಯೇ ತೋರುತ್ತಿತ್ತು. ಆದರೆ ಗೆಲುವಿನ ಅವಧಿ ಅರ್ಧಕ್ಕಿಳಿದಿತ್ತು. 2019ರ ಮರಿಕುದುರೆಗಳಲ್ಲಿ ಹದಿನಾಲ್ಕನೆಯ ದಿನದ ಗೆಲುವೂ ಉಳಿಯಲಿಲ್ಲ. ಸ್ಟ್ರಾಂಗೈಲುಗಳೂ ಸೇರಿದ ದುಂಡುಹುಳುಗಳಿಗೆ ಐವರ್‌ಮೆಕ್ಟಿನ್ ವರ್ಗದ ಬಳಿಕ ಕುದುರೆಗಳಿಗಾಗಿ ಹೊಸ ವರ್ಗದ ಔಷಧವೊಂದೂ ಬಂದಿಲ್ಲ ಎಂಬುದನ್ನು ನೆನೆದರೆ ಈ ಪ್ರಕರಣದ ತೂಕ ಅರ್ಥವಾಗುತ್ತದೆ.

ಪರೀಕ್ಷೆಯನ್ನು ಓದುವ ಬಗೆ

ಪರೀಕ್ಷೆಯ ತತ್ತ್ವ ಸರಳ. ಔಷಧ ಕೊಡುವ ದಿನ ಪ್ರತಿ ಕುದುರೆಯ ಹೊಸ ಲದ್ದಿಯನ್ನು ತೆಗೆದು, ಒಂದು ಗ್ರಾಮಿನಲ್ಲಿ ಎಷ್ಟು ಮೊಟ್ಟೆಗಳಿವೆ ಎಂದು ಎಣಿಸಬೇಕು. ಹದಿನಾಲ್ಕು ದಿನಗಳ ಬಳಿಕ ಅದೇ ಕುದುರೆಗಳಲ್ಲಿ ಮತ್ತೆ ಎಣಿಸಬೇಕು. ಉದಾಹರಣೆಗೆ ಗುಂಪಿನ ಸರಾಸರಿ 800ರಿಂದ 160ಕ್ಕೆ ಇಳಿದಿದ್ದರೆ ಇಳಿಕೆ ಶೇ 80. ನಿರೋಧಕತೆ ಇಲ್ಲದ ಹುಳುಗಳಲ್ಲಿ ಐವರ್‌ಮೆಕ್ಟಿನ್ ಮತ್ತು ಮಾಕ್ಸಿಡೆಕ್ಟಿನ್‌ಗಳ ಇಳಿಕೆ ಶೇ 99.9ರಷ್ಟಿರುತ್ತದೆ, ಶೇ 95ಕ್ಕಿಂತ ಕಡಿಮೆಯಾದರೆ ಹುಳುಗಳು ಔಷಧಕ್ಕೆ ಎದುರು ನಿಂತಿವೆ ಎಂದು ತಿಳಿಯಬೇಕು. ಫೆನ್‌ಬೆಂಡಝೋಲಿಗೆ ಈ ಗಡಿ ಶೇ 90, ಪೈರಾಂಟೆಲ್‌ಗೆ ಶೇ 85.

ಕಾರ್ಯರೂಪದಲ್ಲಿ ಎಡವುವ ಕಡೆಗಳು ಹಲವಿವೆ. ಮೊದಲನೆಯದು ತೂಕ. ಕಣ್ಣಳತೆಯಲ್ಲಿ 400 ಕಿಲೋ ಎಂದು ಭಾವಿಸಿದ ಕುದುರೆ 500 ಕಿಲೋ ಇದ್ದರೆ ಔಷಧದ ಐದನೆಯ ಒಂದು ಭಾಗ ಕಡಿಮೆಯಾಗುತ್ತದೆ. ಪೇಸ್ಟಿನ ಒಂದಂಶ ಬಾಯಿಂದ ಉಗುಳಿಹೋದರೂ ಅಷ್ಟೇ. ಆಗ ಬಂದ ಕೆಟ್ಟ ಫಲಿತಾಂಶಕ್ಕೆ ಹುಳುವನ್ನು ದೂರುವುದು ತಪ್ಪು. ಎರಡನೆಯದು ಎಣಿಕೆಯ ಸೂಕ್ಷ್ಮತೆ. ಎಣಿಕೆಯ ಗಾಜುಪಟ್ಟಿಯ ಪುಟ್ಟ ಕೋಣೆಯಲ್ಲಿ ಕಂಡ ಒಂದು ಮೊಟ್ಟೆಯನ್ನು ಗ್ರಾಮಿಗೆ 50 ಎಂದು ಲೆಕ್ಕ ಹಾಕುವ ವಿಧಾನದಲ್ಲಿ, ಗ್ರಾಮಿಗೆ 100 ಮೊಟ್ಟೆಯಿರುವ ಕುದುರೆ ಎಂದರೆ ನಿಜವಾಗಿ ಕಂಡದ್ದು ಎರಡೇ ಮೊಟ್ಟೆ. ಎರಡರಲ್ಲಿ ಶೇ 95ರ ಇಳಿಕೆಯನ್ನು ಅಳೆಯಲು ಯಾರಿಂದಲೂ ಸಾಧ್ಯವಿಲ್ಲ. ಹೀಗಾಗಿ ಹೆಚ್ಚು ಮೊಟ್ಟೆಯಿರುವ ಹಲವು ಕುದುರೆಗಳನ್ನು ಒಟ್ಟಿಗೆ ನೋಡಬೇಕು. ಎಳೆಯ ಕುದುರೆಗಳ ಎಣಿಕೆ ಸಾಮಾನ್ಯವಾಗಿ ಹೆಚ್ಚಿರುವುದರಿಂದ ಮರಿಗಳ ಗುಂಪು ಈ ಪರೀಕ್ಷೆಗೆ ತಕ್ಕದ್ದು. ಮೂರನೆಯದಾಗಿ, ಹೋಲಿಕೆಗೆ ಇನ್ನೊಂದು ಗುಂಪು ಇದ್ದರೆ ತೀರ್ಮಾನ ಗಟ್ಟಿಯಾಗುತ್ತದೆ. 2019ರ ಪ್ರಕರಣದ ಬಲವೆಲ್ಲ ಇಲ್ಲಿದೆ ಎಂದು ನನಗನಿಸುತ್ತದೆ: ಅದೇ ಫಾರ್ಮಿನ ಸ್ಥಳೀಯ ಕುದುರೆಗಳಲ್ಲಿ ಫಲಿಸಿದ ಔಷಧ ಆಮದಾದ ಮರಿಗಳಲ್ಲಿ ಸೋತಾಗ, ಹುಳುವಿನ ಊರು ಯಾವುದೆಂದು ಬೇರೆ ಸಾಕ್ಷಿ ಬೇಕಾಗಲಿಲ್ಲ.

ಸುಲಭದ ದಾರಿಗಳು ಎಲ್ಲಿಗೆ ಒಯ್ಯುತ್ತವೆ

ಒಂದು ಔಷಧ ಸೋತರೆ ಎರಡನ್ನು ಸೇರಿಸಿ ಕೊಡೋಣ ಎಂಬ ಯೋಚನೆ ಸಹಜವೇ. ಕೆಂಟಕಿಯಲ್ಲೇ, ಎರಡೂ ವರ್ಗಗಳಿಗೆ ನಿರೋಧಕತೆ ಬೆಳೆಸಿಕೊಂಡಿದ್ದ ಹುಳುಗಳ ಮೇಲೆ ಬೆಂಝಿಮಿಡಝೋಲ್ ವರ್ಗದ ಆಕ್ಸಿಬೆಂಡಝೋಲ್ ಮತ್ತು ಪೈರಾಂಟೆಲ್‌ಗಳನ್ನು ಒಟ್ಟಿಗೆ ಕೊಟ್ಟು ನೋಡಿದರು. ಮೊದಲ ಸಲ ಫಲಿತಾಂಶ ಒಂದೊಂದನ್ನೇ ಕೊಟ್ಟದ್ದಕ್ಕಿಂತ ಮೇಲಾಗಿತ್ತು. ಮತ್ತೆ ಮತ್ತೆ ಕೊಟ್ಟಾಗ ಅದೂ ಕುಸಿಯಿತು. ಈಗಾಗಲೇ ಸೋತ ಎರಡನ್ನು ಜೋಡಿಸುವುದರಿಂದ ಕೆಲವು ತಿಂಗಳು ಸಿಗಬಹುದು, ಅದಕ್ಕಿಂತ ಹೆಚ್ಚಿನದನ್ನು ಎದುರುನೋಡಬಾರದು.

ಔಷಧವನ್ನೇ ಕಡಿಮೆ ಮಾಡುವ ದಾರಿ ಇನ್ನೊಂದು. ಒಂದು ಗುಂಪಿನ ಒಟ್ಟು ಮೊಟ್ಟೆಗಳಲ್ಲಿ ಸುಮಾರು ಶೇ 80ರಷ್ಟನ್ನು ಹೊರಹಾಕುವುದು ಶೇ 20ರ ಆಸುಪಾಸಿನ ಕುದುರೆಗಳು ಮಾತ್ರ. ಬೆಳೆದ ಕುದುರೆಗಳಲ್ಲಿ ಈ ಸ್ವಭಾವ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಗ್ರಾಮಿಗೆ 200ಕ್ಕಿಂತ ಕಡಿಮೆ ಮೊಟ್ಟೆಯಿರುವ ಕುದುರೆಗಳಿಗೆ ಪದೇ ಪದೇ ಔಷಧ ಕೊಡುವುದು ವ್ಯರ್ಥ ಮಾತ್ರವಲ್ಲ, ಔಷಧಕ್ಕೆ ಇನ್ನೂ ಸಾಯುವ ಹುಳುಗಳಿಗಿದ್ದ ಆಶ್ರಯವನ್ನೂ ಕಿತ್ತುಕೊಂಡಂತೆ. ನೀಲ್ಸನ್ ಹುಟ್ಟಿ ಕಲಿತ ಡೆನ್ಮಾರ್ಕಿನಲ್ಲಿ 1999ರಿಂದ ಪಶುವೈದ್ಯರ ಚೀಟಿಯಿಲ್ಲದೆ ಜಂತುನಾಶಕ ದೊರೆಯುವುದಿಲ್ಲ, ಮತ್ತು ವೈದ್ಯರು ಪರೀಕ್ಷೆ ಮಾಡದೆ ಚೀಟಿ ಕೊಡುವಂತಿಲ್ಲ. ಔಷಧದ ಬಳಕೆ ಇಳಿಯಿತು. ಆದರೆ 2012ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದು, ಹೆಚ್ಚು ಮೊಟ್ಟೆಯಿರುವ ಕುದುರೆಗಳಿಗೆ ಮಾತ್ರ ಚಿಕಿತ್ಸೆ ಕೊಡುವ ಫಾರ್ಮುಗಳಲ್ಲಿ ಹಳೆಯ ರಕ್ತಹುಳು ಹೆಚ್ಚಾಗಿ ಕಾಣುತ್ತಿದೆ ಎಂದು ತೋರಿಸಿತು. ಕಾರಣ ಸ್ಪಷ್ಟ. ರಕ್ತಹುಳುವಿನ ಮೊಟ್ಟೆಯೂ ಸಣ್ಣ ಸ್ಟ್ರಾಂಗೈಲಿನ ಮೊಟ್ಟೆಯೂ ಸೂಕ್ಷ್ಮದರ್ಶಕದಡಿ ಒಂದೇ ಥರ ಕಾಣುತ್ತವೆ. ಎಣಿಕೆ ಕಡಿಮೆಯಿದೆ ಎಂದು ಬಿಟ್ಟ ಕುದುರೆಯ ಅಪಧಮನಿಯಲ್ಲಿ ಅದರ ಮರಿಗಳಿರಬಹುದು. ಇವುಗಳನ್ನು ಬೇರ್ಪಡಿಸಿ ತಿಳಿಯಲು ಲದ್ದಿಯಲ್ಲಿ ಮರಿಗಳನ್ನು ಬೆಳೆಸಿ ನೋಡಬೇಕು, ಇಲ್ಲವೇ ಪಿಸಿಆರ್ ಪರೀಕ್ಷೆ ಮಾಡಬೇಕು. ಆದ್ದರಿಂದಲೇ ಇಂದಿನ ತಜ್ಞರ ಸಲಹೆಯಲ್ಲಿ ಬೆಳೆದ ಎಲ್ಲ ಕುದುರೆಗಳಿಗೂ ವರ್ಷಕ್ಕೆ ಒಂದೆರಡು ಸಲದ ಔಷಧ ಉಳಿದುಕೊಂಡಿದೆ. ಅದರ ಮೇಲಿನದೆಲ್ಲ ಎಣಿಕೆಯನ್ನು ನೋಡಿ.

ಔಷಧವಿಲ್ಲದ ಕೆಲಸವೊಂದಿದೆ, ಅದು ಬೆನ್ನು ನೋಯಿಸುವ ಕೆಲಸ. ಲದ್ದಿಯಲ್ಲಿ ಬಿದ್ದ ಮೊಟ್ಟೆ 25 ಡಿಗ್ರಿಯ ಮೇಲಿನ ಬೆಚ್ಚನೆಯ, ತೇವದ ಹವೆಯಲ್ಲಿ ಒಂದು ವಾರದೊಳಗೆ ಸೋಂಕು ತಗುಲಿಸಬಲ್ಲ ಮರಿಯಾಗಿ ಹುಲ್ಲನ್ನೇರುತ್ತದೆ. ವಾರಕ್ಕೆ ಎರಡು ಸಲ ಹುಲ್ಲುಗಾವಲಿನ ಲದ್ದಿಯನ್ನು ಎತ್ತಿ ಹಾಕಿದರೆ ಈ ಸರಪಳಿ ಅಲ್ಲಿಯೇ ತುಂಡಾಗುತ್ತದೆ, ಮತ್ತು ಇದಕ್ಕೆ ಯಾವ ಹುಳುವೂ ನಿರೋಧಕತೆ ಬೆಳೆಸಿಕೊಳ್ಳಲಾರದು.

ನಮ್ಮ ಲಾಯಗಳ ಕಡೆಗೆ

ಈ ಪ್ರಕರಣ ನಮಗೆ ದೂರದ್ದಲ್ಲ. ಭಾರತದ ಥರೋಬ್ರೆಡ್ ತಳಿ ಸಾಕಣೆ ಐರ್ಲೆಂಡ್, ಇಂಗ್ಲೆಂಡುಗಳಿಂದ ಬರುವ ಬೀಜದ ಕುದುರೆ ಮತ್ತು ಹೆಣ್ಣುಕುದುರೆಗಳನ್ನು ಬಹುಕಾಲದಿಂದ ನೆಚ್ಚಿದೆ. ಟಿಪ್ಪುವಿನ ಕಾಲದ ಹಿನ್ನೆಲೆಯುಳ್ಳ ಕುಣಿಗಲ್‌ನ ಸ್ಟಡ್ ಫಾರ್ಮಿನಿಂದ ಹಿಡಿದು ದೇಶದ ಉಳಿದ ಸ್ಟಡ್‌ಗಳವರೆಗೆ ಈ ಕಸುಬಿನ ವಂಶಾವಳಿಯಲ್ಲಿ ಹೊರನಾಡಿನ ಹೆಸರುಗಳಿವೆ. ಆಮದಾದ ಕುದುರೆಯನ್ನು ಗ್ಲಾಂಡರ್ಸ್‌ನಂಥ ಅಂಟುರೋಗಗಳಿಗಾಗಿ ಪರೀಕ್ಷಿಸುತ್ತಾರೆ. ಹೊಟ್ಟೆಯಲ್ಲಿರುವ ಹುಳು ಯಾವ ಔಷಧಕ್ಕೆ ಸಾಯುತ್ತದೆ ಎಂದು ನೋಡುವುದೂ ಅಷ್ಟೇ ಮುಖ್ಯವೆಂದು ನಾನು ತಿಳಿಯುತ್ತೇನೆ.

ನಮ್ಮ ಹವೆ ಕೆಂಟಕಿಯದಲ್ಲ. ಬಯಲುಸೀಮೆಯ ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲು ಮತ್ತು ಒಣನೆಲ ಹುಲ್ಲಿನ ಮೇಲಿನ ಮರಿಗಳನ್ನು ಬೇಗ ಕೊಲ್ಲುತ್ತವೆ. ಮಳೆಗಾಲ ಅವುಗಳಿಗೆ ಸುಗ್ಗಿ. ಚಳಿಗಾಲದ ಹಿಮದ ಲೆಕ್ಕದ ಮೇಲೆ ಮಾಡಿದ ಹೊರದೇಶದ ಔಷಧದ ವೇಳಾಪಟ್ಟಿಯನ್ನು ಹಾಗೆಯೇ ಇಲ್ಲಿ ಅನುಸರಿಸಿದರೆ ಅರ್ಥವಿಲ್ಲ. ಮೈಸೂರಿನ ಟಾಂಗಾ ಕುದುರೆಯಂತೆ ಕಟ್ಟಿಹಾಕಿ ಹುರುಳಿ, ಬೂಸ, ಒಣಹುಲ್ಲು ತಿನ್ನಿಸುವ ಕುದುರೆಗೆ ಸಣ್ಣ ಸ್ಟ್ರಾಂಗೈಲು ತಗಲುವ ಅವಕಾಶ ಹುಲ್ಲುಗಾವಲಿನ ಮರಿಕುದುರೆಗಿಂತ ಕಡಿಮೆ. ಆದರೆ ಹಸಿ ಲದ್ದಿಯನ್ನೇ ಗೊಬ್ಬರವಾಗಿ ಹಾಕಿದ ಹೊಲದಿಂದ ಹಸಿಹುಲ್ಲು ಕೊಯ್ದು ತಂದರೆ ಹುಳು ಲಾಯಕ್ಕೇ ಬರುತ್ತದೆ. ಲದ್ದಿಯನ್ನು ತಿಪ್ಪೆಯಲ್ಲಿ ಚೆನ್ನಾಗಿ ಕೊಳೆಸಿದರೆ ಆ ಕಾವಿಗೆ ಮೊಟ್ಟೆ, ಮರಿ ಎರಡೂ ಸಾಯುತ್ತವೆ. ಎಳೆಮರಿಗಳಿರುವ ಲಾಯದಲ್ಲಿ ಪ್ಯಾರಾಸ್ಕಾರಿಸ್ ಎಂಬ ದೊಡ್ಡ ದುಂಡುಹುಳುವಿನ ವಿಷಯ ಬೇರೆ: ಅದರ ಗಟ್ಟಿಚಿಪ್ಪಿನ ಮೊಟ್ಟೆ ನೆಲ, ಗೋಡೆಗಳ ಮೇಲೆ ವರ್ಷಗಟ್ಟಲೆ ಬದುಕುತ್ತದೆ, ಮತ್ತು ಅದರಲ್ಲಿ ಐವರ್‌ಮೆಕ್ಟಿನ್ ನಿರೋಧಕತೆ ಸಣ್ಣ ಸ್ಟ್ರಾಂಗೈಲುಗಳಿಗಿಂತ ಮೊದಲೇ, 2000ದ ದಶಕದ ಆರಂಭದಲ್ಲೇ ವರದಿಯಾಗಿದೆ.

ಹೊಸ ಕುದುರೆ ಬಂದಾಗ ಮಾಡಬೇಕಾದ ಕೆಲಸಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಬಂದ ದಿನ ತೂಕ ನೋಡಿ, ಲದ್ದಿ ತೆಗೆದಿಟ್ಟು, ಔಷಧ ಕೊಟ್ಟು, ಬೇರೆಯ ಲಾಯದಲ್ಲಿ ಕಟ್ಟಬೇಕು. ಅದರ ಲದ್ದಿ ಹುಲ್ಲುಗಾವಲಿಗೆ ಹೋಗಬಾರದು. ಎಣಿಕೆಗೆ 4 ಗ್ರಾಂ ಲದ್ದಿಯನ್ನು 26 ಮಿಲಿಲೀಟರ್ ಗಾಢ ಉಪ್ಪುನೀರಿನಲ್ಲಿ ಕದಡಿ, ಸೋಸಿ, ಮ್ಯಾಕ್‌ಮಾಸ್ಟರ್ ಗಾಜಿನ ಎರಡು ಕೋಣೆಗಳಿಗೆ ತುಂಬಿ, ಐದು ನಿಮಿಷ ಬಿಟ್ಟು ಸೂಕ್ಷ್ಮದರ್ಶಕದಡಿ ನೋಡಬೇಕು. ಎರಡೂ ಕೋಣೆಗಳಲ್ಲಿ ಕಂಡ ಮೊಟ್ಟೆಗಳನ್ನು ಕೂಡಿ 25ರಿಂದ ಗುಣಿಸಿದರೆ ಗ್ರಾಮಿನ ಲೆಕ್ಕ ಸಿಗುತ್ತದೆ. ಹದಿನಾಲ್ಕನೆಯ ದಿನ ಅದೇ ಕೈ, ಅದೇ ಗಾಜು, ಅದೇ ಲೆಕ್ಕದಿಂದ ಮತ್ತೆ ಎಣಿಸಬೇಕು. ಆ ಎರಡನೆಯ ಎಣಿಕೆಯನ್ನು ಪುಸ್ತಕದಲ್ಲಿ ಬರೆದ ಮೇಲೆಯೇ ಹುಲ್ಲುಗಾವಲಿನ ಗೇಟು ತೆರೆಯಬೇಕು.